ಮಿತವ್ಯಯದಲ್ಲಿ ನಾನೂರು ಅಶ್ವಶಕ್ತಿ

ಅಮೆರಿಕದ ಒಹಾಯೊ ಸಂಸ್ಥಾನದ ಬೌಲಿಂಗ್ ಗ್ರೀನ್ ಎಂಬ ಊರಿನಲ್ಲಿ 1967ರಿಂದೀಚೆಗೆ ನಡೆದುಬಂದಿರುವ ಟ್ರ್ಯಾಕ್ಟರ್ ಎಳೆತದ ಪಂದ್ಯವು, ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತುಗಳಿಂದ ಭಾರವಾದ ಕಲ್ಲನ್ನು ಎಳೆಸುವುದನ್ನು ಕಂಡವರಿಗೆ ಅಪರಿಚಿತವೆಂದು ತೋರಲಾರದು. ಅಲ್ಲಿ ಕಲ್ಲಿಗೆ ಬದಲಾಗಿ ಒಂದು ದೊಡ್ಡ ಜಾರುಬಂಡಿಯಿರುತ್ತದೆ. ಅದು ಸಾಗಿದಂತೆಲ್ಲ ಅದರ ಮೇಲಣ ಭಾರದ ಪೆಟ್ಟಿಗೆಯೂ ಮುಂದುಮುಂದಕ್ಕೆ ಸರಿದು, ಎಳೆಯುವ ವಾಹನದ ಹೊರೆಯನ್ನು ಗೇಣುಗೇಣಿಗೂ ಹೆಚ್ಚಿಸುತ್ತ, ಕಡೆಗೆ ಎಂತಹ ಬಲಿಷ್ಠ ಯಂತ್ರವನ್ನಾದರೂ ನಿಲ್ಲಿಸಿಬಿಡುತ್ತದೆ. ಆ ನಾಡಿನ ಇಂತಹ ಪಂದ್ಯಗಳಲ್ಲಿ, ವಾರವೆಲ್ಲ ದನಕರುಗಳನ್ನೂ ಹುಲ್ಲಿನ ಪಿಂಡಿಗಳನ್ನೂ ಹೊತ್ತು ತಿರುಗಿದ ಡೀಸೆಲ್ ಪಿಕಪ್ ಟ್ರಕ್ಕುಗಳು ಶನಿವಾರದ ಸಂಜೆ ಕಣಕ್ಕಿಳಿಯುವುದುಂಟು. ಅವುಗಳ ಯಜಮಾನರು ಬಹುಮಟ್ಟಿಗೆ ರೈತರು, ಮೆಕ್ಯಾನಿಕ್ಕುಗಳು, ಬೆಸುಗೆಯವರು. ಕಾರ್ಖಾನೆಯು ಕೊಟ್ಟ ಶಕ್ತಿಗಿಂತ ಇಮ್ಮಡಿ ಶಕ್ತಿಯನ್ನು ತಮ್ಮ ಯಂತ್ರದಿಂದ ಹೊರಡಿಸಬೇಕೆಂಬ ಬಯಕೆಯು ಅವರಲ್ಲಿ ಎಷ್ಟು ತೀವ್ರವೋ, ಅದಕ್ಕೆ ವ್ಯಯಿಸಬಲ್ಲ ಹಣವು ಅಷ್ಟೇ ಅಲ್ಪ. ಅಂತಹವರ ನಡುವೆ ಇದ್ದು, ಅವರ ಗ್ಯಾರೇಜುಗಳಲ್ಲಿ ಕೈಗೆ ಎಣ್ಣೆ ಹತ್ತಿಸಿಕೊಂಡು ಕಲಿತ ಸಂಗತಿಗಳನ್ನು, ಆ ದೇಶದಲ್ಲಿ ನೆಲೆಸಿರುವ ಹಾಗೂ ಯಂತ್ರಗಳಲ್ಲಿ ಆಸಕ್ತಿಯುಳ್ಳ ಕನ್ನಡಿಗರ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೇ ನನ್ನ ಅಭಿಪ್ರಾಯವನ್ನು ಹೇಳಿಬಿಡುವುದು ಮೇಲು. ಡೀಸೆಲ್ ಎಂಜಿನ್ನಿನಲ್ಲಿ ಅಶ್ವಶಕ್ತಿಯನ್ನು ಹುಟ್ಟಿಸುವುದು ಅಗ್ಗದ ಕಾರ್ಯ. ಹುಟ್ಟಿದ ಶಕ್ತಿಯನ್ನು ತಾಳಿಕೊಳ್ಳುವಂತೆ ಎಂಜಿನ್ನನ್ನೂ ಕ್ಲಚ್ಚನ್ನೂ ಗೇರ್‌ಬಾಕ್ಸನ್ನೂ ಸಿದ್ಧಪಡಿಸುವುದೇ ವೆಚ್ಚದ ಕಾರ್ಯ. ಈ ಕ್ರಮವನ್ನು ಅರಿಯದೆ ಹಣವನ್ನೆಲ್ಲ ಶಕ್ತಿಯ ಕಡೆಗೇ ಸುರಿದವರ ಬಂಡಿಗಳು ಒಂದೆರಡು ತಿಂಗಳಲ್ಲಿ ಕರಗಿದ ಪಿಸ್ಟನ್ನಿನೊಡನೆ ಷೆಡ್ಡಿನ ಮೂಲೆಯನ್ನು ಸೇರಿದ್ದನ್ನು ನಾನು ಕಂಡಿದ್ದೇನೆ.

ಯಾವ ಎಂಜಿನ್ನನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆಗೆ, ಹಣದ ಮಿತಿಯುಳ್ಳವನಿಗೆ, ನನ್ನ ಮಟ್ಟಿಗೆ ಉತ್ತರವೊಂದೇ: 1994ರಿಂದ 1998ರ ಮೊದಲ ಭಾಗದವರೆಗೆ ಡಾಡ್ಜ್ ರಾಮ್ ಪಿಕಪ್ಪುಗಳಲ್ಲಿ ಬಂದ, ಹನ್ನೆರಡು ವಾಲ್ವುಗಳ, 5.9 ಲೀಟರಿನ ಕಮಿನ್ಸ್ ಎಂಜಿನ್. ಇಂಡಿಯಾನಾ ಸಂಸ್ಥಾನದ ಕೊಲಂಬಸ್ ಪಟ್ಟಣದಲ್ಲಿ 1919ರಲ್ಲಿ ಕ್ಲೆಸ್ಸಿ ಕಮಿನ್ಸ್ ಎಂಬಾತನು ಆರಂಭಿಸಿದ ಸಂಸ್ಥೆಯು, ಹೊಲದ ಯಂತ್ರಗಳಿಗೂ ಸಣ್ಣ ಲಾರಿಗಳಿಗೂ ದೋಣಿಗಳಿಗೂ ಸಮಾನವಾಗಿ ಒದಗಬೇಕೆಂಬ ಉದ್ದೇಶದಿಂದ, ಕೇಸ್ ಸಂಸ್ಥೆಯೊಡನೆ ಕೂಡಿ 1980ರ ದಶಕದಲ್ಲಿ ಹೊರತಂದ ‘ಬಿ’ ಶ್ರೇಣಿಯ ಎಂಜಿನ್ನು ಇದು. ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತಿವೆ. ಬೋರು 102 ಮಿಲಿಮೀಟರು, ಸ್ಟ್ರೋಕು 120 ಮಿಲಿಮೀಟರು. ಕ್ರ್ಯಾಂಕ್ ಶಾಫ್ಟನ್ನು ಏಳು ಮೇನ್ ಬೇರಿಂಗುಗಳು ಹಿಡಿದಿವೆ. ಕ್ರ್ಯಾಂಕಿಗೂ ಕ್ಯಾಮಿಗೂ ನಡುವೆ ಬೆಲ್ಟಾಗಲಿ ಚೈನಾಗಲಿ ಇಲ್ಲದೆ, ಹಲ್ಲಿನ ಗೇರುಗಳೇ ಸಂಬಂಧವನ್ನು ಕಲ್ಪಿಸುತ್ತವೆ. ಕಬ್ಬಿಣದ ಈ ಮೂರ್ತಿಯ ತೂಕ ಸುಮಾರು ಐನೂರು ಕಿಲೊಗ್ರಾಮು.

ನಮ್ಮ ನಾಡಿಗೂ ಈ ವಂಶಕ್ಕೂ ನಂಟಿಲ್ಲದೆ ಇಲ್ಲ. 1993ರಲ್ಲಿ ಟಾಟಾ ಮತ್ತು ಕಮಿನ್ಸ್ ಸಂಸ್ಥೆಗಳು ಜೊತೆಗೂಡಿ ಜಮ್ಶೆಡ್‌ಪುರದಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ, ಟರ್ಬೊ ಇಲ್ಲದ ಹಳೆಯ 697 ಎಂಜಿನ್ನಿನ ಲಾರಿಗಳ ಮಗ್ಗುಲಲ್ಲಿ ಇದೇ 5.9 ಲೀಟರಿನ ‘ಬಿ’ ಎಂಜಿನ್ನಿನ ಟಾಟಾ ಲಾರಿಗಳು ಕಾಣಿಸಿಕೊಂಡವು. ಹುಬ್ಬಳ್ಳಿ ದಾವಣಗೆರೆಗಳ ಲಾರಿ ಮೇಸ್ತ್ರಿಗಳು ಬಿಚ್ಚಿ ಜೋಡಿಸಿ ಕರಗತ ಮಾಡಿಕೊಂಡಿರುವ ಯಂತ್ರವೇ ಒಹಾಯೊದ ಹೊಲದ ಅಂಚಿನ ಷೆಡ್ಡಿನಲ್ಲಿಯೂ ನಿಂತಿದೆ ಎಂಬುದು, ಅಲ್ಲಿ ನೆಲೆಸಿದ ಕನ್ನಡಿಗನಿಗೆ ಸಂತೋಷವನ್ನು ಕೊಡುವ ಸಂಗತಿ.

ಆದರೆ ಈ ನಾಲ್ಕು ವರ್ಷಗಳ ಎಂಜಿನ್ನಿಗೇ ಏಕೆ ಜೋತುಬೀಳಬೇಕು? ಕಾರಣವು ಅದರ ಎಡಮಗ್ಗುಲಲ್ಲಿದೆ. ಬಾಷ್ ಸಂಸ್ಥೆಯ ಪಿ-7100 ಎಂಬ ಇಂಧನದ ಪಂಪು ಅಲ್ಲಿ ಕುಳಿತಿರುತ್ತದೆ. ಆರು ಸಿಲಿಂಡರುಗಳಿಗೆ ಆರು ಪ್ಲಂಜರುಗಳುಳ್ಳ, ಗಣಕಯಂತ್ರದ ನೆರವನ್ನೇ ಅರಿಯದ, ಸ್ಪ್ರಿಂಗು ತೂಕ ಸರಳುಗಳಿಂದಲೇ ನಡೆಯುವ ಶುದ್ಧ ಯಾಂತ್ರಿಕ ಸಾಧನವದು. 1989ರಿಂದ 1993ರವರೆಗಿನ ಪಿಕಪ್ಪುಗಳಲ್ಲಿದ್ದ ಸಣ್ಣ ರೋಟರಿ ಪಂಪು ಇಷ್ಟು ಇಂಧನವನ್ನು ಕೊಡಲಾರದು. 1998ರ ಮಧ್ಯದಿಂದ ಬಂದ ಇಪ್ಪತ್ತನಾಲ್ಕು ವಾಲ್ವಿನ ಎಂಜಿನ್ನಿನ ವಿಪಿ-44 ಎಂಬ ವಿದ್ಯುನ್ಮಾನ ಪಂಪಾದರೋ, ಫೀಡ್ ಪಂಪಿನ ಒತ್ತಡವು ಕುಸಿದೊಡನೆ ತನಗೆ ಬೇಕಾದ ತಂಪೂ ಜಿಡ್ಡೂ ದೊರೆಯದೆ ಸಾಯುತ್ತದೆ. 2003ರಿಂದ ಬಂದ ಕಾಮನ್‌ರೇಲ್ ಎಂಜಿನ್ನುಗಳು ಶಕ್ತಿಯಲ್ಲಿ ಉತ್ತಮವಾದರೂ, ಅವುಗಳ ಒಂದೊಂದು ಇಂಜೆಕ್ಟರಿನ ಬೆಲೆಯೇ ನೂರಾರು ಡಾಲರು. ಪಿ-7100 ಪಂಪು ಕೊಡುವ ಇಂಧನದ ಪ್ರಮಾಣವನ್ನಾದರೆ ಸ್ಪ್ಯಾನರು, ಅರ, ಡಯಲ್ ಗೇಜುಗಳಿಂದ ಮನುಷ್ಯನು ತನ್ನ ಕೈಯಾರೆ ತಿದ್ದಬಹುದು. ಮಿತವ್ಯಯದ ಮೂಲವಿರುವುದು ಇಲ್ಲಿಯೇ.

ಇದೇ ಎಂಜಿನ್ನು ಕಾರ್ಖಾನೆಯಿಂದ ಪಿಕಪ್ಪಿಗೆ ಬಂದಾಗ, 1996ರಿಂದ 1998ರವರೆಗಿನ ಕೈಗೇರಿನ ಬಂಡಿಗಳಲ್ಲಿ 215 ಅಶ್ವಶಕ್ತಿಯನ್ನೂ 440 ಪೌಂಡು-ಅಡಿಗಳ ಟಾರ್ಕನ್ನೂ, ಸ್ವಯಂಚಾಲಿತ ಗೇರಿನ ಬಂಡಿಗಳಲ್ಲಿ 180 ಅಶ್ವಶಕ್ತಿಯನ್ನೂ ಮಾತ್ರ ಕೊಡುತ್ತಿತ್ತು. ಆದರೆ ದೋಣಿಗಳಿಗೆಂದು ಅದೇ ಕಾರ್ಖಾನೆಯು ಇದೇ 5.9 ಲೀಟರಿನಿಂದ 370 ಅಶ್ವಶಕ್ತಿಯನ್ನು ಪಡೆದು ಮಾರುತ್ತಿತ್ತೆಂಬುದನ್ನು ನೆನೆದರೆ, ಕಬ್ಬಿಣದ ಒಡಲಿನಲ್ಲಿ ಇನ್ನೂ ಎಷ್ಟು ಅವಕಾಶ ಉಳಿದಿದೆಯೆಂಬುದು ವಿಶದವಾಗುತ್ತದೆ. ದೋಣಿಯ ಎಂಜಿನ್ನಿಗೆ ಸುತ್ತಲಿನ ನೀರೇ ತಂಪನ್ನು ಕೊಡುವಾಗ, ರಸ್ತೆಯ ಬಂಡಿಗೆ ರೇಡಿಯೇಟರೂ ಇಂಟರ್‌ಕೂಲರೂ ಮಾತ್ರವೇ ಗತಿ ಎಂಬ ಭೇದವನ್ನು ಮರೆಯಬಾರದು. ನಾನೂರು ಅಶ್ವಶಕ್ತಿ ಎಂಬ ಗುರಿಯನ್ನು ಈ ಲೇಖನದ ತಲೆಬರಹದಲ್ಲಿ ಇಟ್ಟಿರುವುದು ಇದನ್ನೆಲ್ಲ ತೂಗಿಯೇ: ಆ ಮಟ್ಟದವರೆಗೆ ಕಾರ್ಖಾನೆಯ ಪಿಸ್ಟನ್ನು, ಕನೆಕ್ಟಿಂಗ್ ರಾಡು, ಕ್ರ್ಯಾಂಕುಗಳನ್ನು ಬದಲಿಸಬೇಕಾದ ಅಗತ್ಯವಿಲ್ಲ, ಅದನ್ನು ಬಹಳ ಮೀರಿ ಹೋದರೆ ವೆಚ್ಚವು ಶಕ್ತಿಗಿಂತ ವೇಗವಾಗಿ ಬೆಳೆಯುತ್ತದೆ.

ಇನ್ನು ಸ್ವಲ್ಪ ಲೆಕ್ಕವನ್ನು ಮಾಡೋಣ. ಕಾಗದದ ಮೇಲಣ ಲೆಕ್ಕದಷ್ಟು ಹಣವನ್ನು ಉಳಿಸುವ ಉಪಕರಣ ಬೇರೊಂದಿಲ್ಲ. ಇಂತಹ ಡೀಸೆಲ್ ಎಂಜಿನ್ನು ಒಂದು ಅಶ್ವಶಕ್ತಿಯನ್ನು ಒಂದು ಗಂಟೆಯ ಕಾಲ ಕೊಡುವುದಕ್ಕೆ ಸುಮಾರು 0.38 ಪೌಂಡು ಇಂಧನವನ್ನು ಸುಡುತ್ತದೆಂದು ಇಟ್ಟುಕೊಂಡರೆ, ನಾನೂರಕ್ಕೆ ಗಂಟೆಗೆ 152 ಪೌಂಡು, ಎಂದರೆ 69 ಕಿಲೊಗ್ರಾಮು, ಅಥವಾ ಸುಮಾರು 80 ಲೀಟರು ಬೇಕು. ಡೀಸೆಲನ್ನು ಕಪ್ಪು ಹೊಗೆಯಿಲ್ಲದೆ ಸುಡಬೇಕಾದರೆ ಅದರ ತೂಕದ ಇಪ್ಪತ್ತರಷ್ಟು ಗಾಳಿ ಇರಬೇಕಾದುದರಿಂದ, ನಿಮಿಷಕ್ಕೆ 23 ಕಿಲೊಗ್ರಾಮು ಗಾಳಿಯು ಎಂಜಿನ್ನಿನೊಳಕ್ಕೆ ಹೋಗತಕ್ಕದ್ದು. ಆದರೆ 5.9 ಲೀಟರಿನ ಎಂಜಿನ್ನು ನಿಮಿಷಕ್ಕೆ 2600 ಸುತ್ತುಗಳಲ್ಲಿ ತನ್ನಷ್ಟಕ್ಕೆ ತಾನೇ ಸೆಳೆದುಕೊಳ್ಳಬಲ್ಲುದು ಎಂಟು ಕಿಲೊಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಉಳಿದುದನ್ನು ಟರ್ಬೊ ತುಂಬಬೇಕು. ಎಂದರೆ ಗಾಳಿಯನ್ನು ಮೂರು ಪಟ್ಟಿಗೆ ಸಮೀಪವಾಗುವಷ್ಟು ಸಾಂದ್ರಗೊಳಿಸಬೇಕು. ಇಂಟರ್‌ಕೂಲರಿನ ನಷ್ಟವನ್ನೂ ಸೇರಿಸಿದರೆ, ಚದರ ಅಂಗುಲಕ್ಕೆ ಸುಮಾರು 33ರಿಂದ 35 ಪೌಂಡುಗಳ ಬೂಸ್ಟ್ ಒತ್ತಡ ಬೇಕಾಗುತ್ತದೆ. ಈ ಪಿಕಪ್ಪುಗಳಲ್ಲಿ ಬರುವ ಹೋಲ್‌ಸೆಟ್ ಎಚ್‌ಎಕ್ಸ್-35 ಟರ್ಬೊದ ಮೇಲ್ಮಿತಿಯೂ ಹೆಚ್ಚುಕಡಿಮೆ ಅಲ್ಲಿಯೇ ಇರುವುದರಿಂದ, ನಾನೂರರ ಗುರಿಯುಳ್ಳವನು ಹೊಸ ಟರ್ಬೊಗೆ ಹಣವನ್ನು ಕೊಡಬೇಕಾದುದಿಲ್ಲ. ಅದನ್ನು ಮೀರಿ ಊದಿಸಹೊರಟರೆ ಆ ಸಣ್ಣ ಚಕ್ರವು ಮಿತಿಮೀರಿದ ವೇಗದಲ್ಲಿ ತಿರುಗಿ, ತಂಪಾದ ಗಾಳಿಗೆ ಬದಲು ಕಾದ ಗಾಳಿಯನ್ನೇ ತಳ್ಳುತ್ತದೆ.

ಹಳೆಯ ಎಂಜಿನ್ನನ್ನು ಕೊಳ್ಳುವಾಗ ಪರೀಕ್ಷೆಯು ನಿಷ್ಠುರವಾಗಿರಬೇಕು. ಎಂಜಿನ್ನು ಕಾದ ಬಳಿಕ ಎಣ್ಣೆ ತುಂಬುವ ಬಾಯಿಯ ಮುಚ್ಚಳವನ್ನು ತೆಗೆದು, ನಮ್ಮ ಮೇಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಎನ್ನುವ ಹಬೆಯನ್ನು ನೋಡಿರಿ. ಮುಚ್ಚಳವನ್ನು ಸಡಿಲವಾಗಿ ಬಾಯಿಯ ಮೇಲಿಟ್ಟರೆ ಅದು ಎಗರಿ ಬೀಳುವಷ್ಟು ಒತ್ತಡವಿದ್ದಲ್ಲಿ ರಿಂಗುಗಳು ಸವೆದಿವೆಯೆಂದೇ ಅರ್ಥ. ರೇಡಿಯೇಟರಿನ ನೀರಿನಲ್ಲಿ ಎಣ್ಣೆಯ ಕೆನೆಯಿದೆಯೇ, ಡಿಪ್‌ಸ್ಟಿಕ್ಕಿನ ಎಣ್ಣೆ ಡೀಸೆಲಿನಿಂದ ತೆಳುವಾಗಿದೆಯೇ, ಟರ್ಬೊದ ಚಕ್ರವನ್ನು ಬೆರಳಿನಿಂದ ಅಲುಗಿಸಿದಾಗ ಅದರ ರೆಕ್ಕೆಗಳು ಗೋಡೆಗೆ ತಾಗುತ್ತವೆಯೇ ಎಂಬುದನ್ನೆಲ್ಲ ನೋಡತಕ್ಕದ್ದು. ಗುಜರಿಯಲ್ಲಿ ಬ್ರೆಡ್ಡು ಸಾಗಿಸುವ ವ್ಯಾನುಗಳಿಂದ ಇಳಿಸಿದ ಎಂಜಿನ್ನುಗಳು ಅಗ್ಗವಾಗಿ ದೊರೆಯುತ್ತವೆ. ಆದರೆ ಅವು ಬಹುಪಾಲು ಇದೇ ವಂಶದ, ನಾಲ್ಕು ಸಿಲಿಂಡರಿನ, 3.9 ಲೀಟರಿನ ತಮ್ಮಂದಿರು; ಅವನ್ನು ಆರು ಸಿಲಿಂಡರಿನವೆಂದು ಭ್ರಮಿಸಿ ಮುಂಗಡವನ್ನು ಕೊಟ್ಟುಬಿಡಬಾರದು.

ಕೊಂಡುತಂದ ಎಂಜಿನ್ನಿನ ಯಾವ ಭಾಗವನ್ನು ಮುಟ್ಟುವುದಕ್ಕೂ ಮುನ್ನ ಟೈಮಿಂಗ್ ಗೇರುಗಳ ಮುಚ್ಚಳವನ್ನು ತೆಗೆಯಿರಿ. ಅದರ ಹಿಂದಿನ ಅಲ್ಯುಮಿನಿಯಮ್ ಗೂಡನ್ನು ಬ್ಲಾಕಿಗೆ ನೇರವಾಗಿ ಕೂಡಿಸುವುದಕ್ಕೆಂದು ಒಂದು ಸಣ್ಣ ಉಕ್ಕಿನ ಗೂಟವನ್ನು ತೂತಿನಲ್ಲಿ ಬಿಗಿಯಾಗಿ ಕೂರಿಸಿರುತ್ತಾರೆ. ವರ್ಷಾನುಗಟ್ಟಲೆಯ ಕಂಪನದಿಂದ ಅದು ಎಳ್ಳಷ್ಟೆಳ್ಳಷ್ಟಾಗಿ ಹೊರಕ್ಕೆ ಸರಿದು, ಒಂದು ದಿನ ತಿರುಗುತ್ತಿರುವ ಗೇರುಗಳ ನಡುವೆ ಬಿದ್ದು, ಗೂಡನ್ನು ಸೀಳಿ, ಕೆಲವೊಮ್ಮೆ ಎಂಜಿನ್ನನ್ನೇ ಮುಗಿಸಿಬಿಡುತ್ತದೆ. ಅಮೆರಿಕದ ಮೆಕ್ಯಾನಿಕ್ಕುಗಳು ಅದನ್ನು ಕೊಲೆಗಡುಕ ಗೂಟವೆಂದೇ ಕರೆಯುತ್ತಾರೆ. ಅದರ ತಲೆಯ ಮೇಲೆ ಒಂದು ತುಂಡು ತಗಡನ್ನು ಬೋಲ್ಟಿನಿಂದ ಬಿಗಿದರೆ ಅದು ಎಂದೆಂದಿಗೂ ಹೊರಬರಲಾರದು. ಇಡೀ ಯಂತ್ರವನ್ನು ಉಳಿಸುವ ಈ ತಗಡಿನ ಬೆಲೆ ಒಂದು ಊಟದ ಬೆಲೆಗಿಂತ ಹೆಚ್ಚಲ್ಲ.

ಎಂಜಿನ್ನು ಆರೋಗ್ಯವಾಗಿದ್ದರೆ ಅದನ್ನು ಓವರ್‌ಹಾಲ್ ಮಾಡುವ ಆತುರ ಬೇಡ. ಚೆನ್ನಾಗಿ ಕೂಡಿಕೊಂಡಿರುವ ರಿಂಗು ಬೋರುಗಳನ್ನು ಹವ್ಯಾಸಕ್ಕಾಗಿ ಬಿಚ್ಚುವುದು ವ್ಯರ್ಥವ್ಯಯ. ಬಿಚ್ಚಲೇಬೇಕಾದ ಸ್ಥಿತಿಯಿದ್ದರೆ, ಈ ಎಂಜಿನ್ನಿಗೆ ಪ್ರತ್ಯೇಕ ಲೈನರುಗಳಿಲ್ಲವೆಂಬುದನ್ನೂ, ಬ್ಲಾಕನ್ನೇ ಅರ್ಧ ಮಿಲಿಮೀಟರು ಅಥವಾ ಒಂದು ಮಿಲಿಮೀಟರು ಹಿಗ್ಗಿಸಿ ಬೋರ್ ಮಾಡಿಸಿ ಆ ಅಳತೆಯ ಪಿಸ್ಟನ್ನುಗಳನ್ನು ಹಾಕಬಹುದೆಂಬುದನ್ನೂ ತಿಳಿದಿರಬೇಕು. ಬೋರಿಂಗು, ಹೋನಿಂಗು, ಹೆಡ್ಡಿನ ಸಮತಲದ ಪರೀಕ್ಷೆ, ಕ್ರ್ಯಾಂಕಿನ ಅಳತೆ ಇವನ್ನು ನಂಬಿಕೆಯುಳ್ಳ ಯಂತ್ರಶಾಲೆಯಲ್ಲಿಯೇ ಮಾಡಿಸಬೇಕು. ಬಿಚ್ಚುವುದು, ತೊಳೆಯುವುದು, ಅಳೆದು ಬರೆದುಕೊಳ್ಳುವುದು, ಮರಳಿ ಜೋಡಿಸುವುದು ಇವೆಲ್ಲ ನಮ್ಮ ಕೈಯ ಕೆಲಸ. ಹಣವು ನಿಜವಾಗಿ ಉಳಿಯುವುದು ಈ ಶ್ರಮದಲ್ಲಿ. ಕಾರ್ಖಾನೆಯ ರಾಡುಗಳೂ ಕ್ರ್ಯಾಂಕೂ ಬಡಿದು ಮಾಡಿದ ಉಕ್ಕಿನವಾದುದರಿಂದ ಅವುಗಳ ಬಗೆಗೆ ಚಿಂತೆ ಬೇಡ; ಆದರೆ ವಾಲ್ವಿನ ಸ್ಪ್ರಿಂಗುಗಳನ್ನು ಮಾತ್ರ ಗಡುಸಾದುವಕ್ಕೆ ಬದಲಿಸಿರಿ. ಬೂಸ್ಟ್ ಒತ್ತಡವು ಒಳಗಾಳಿಯ ವಾಲ್ವನ್ನು ಹಿಂದಿನಿಂದ ನೂಕುತ್ತಿರುವಾಗ, ನಿಮಿಷಕ್ಕೆ ಮೂರು ಸಾವಿರ ಸುತ್ತುಗಳ ಆಚೆಗೆ ಹಳೆಯ ಸ್ಪ್ರಿಂಗುಗಳು ವಾಲ್ವನ್ನು ಸಕಾಲಕ್ಕೆ ಮುಚ್ಚಲಾರವು. ಟ್ಯಾಪೆಟ್ಟಿನ ಬಿಡುವು ಎಂಜಿನ್ನು ತಣ್ಣಗಿರುವಾಗ ಒಳವಾಲ್ವಿಗೆ 0.25 ಮಿಲಿಮೀಟರು, ಹೊರವಾಲ್ವಿಗೆ 0.50 ಮಿಲಿಮೀಟರು.

ಹೆಡ್ಡನ್ನು ಹಿಡಿದಿರುವ ಬೋಲ್ಟುಗಳ ವಿಷಯದಲ್ಲಿ ಜಿಪುಣತನ ಸಲ್ಲದು. 35 ಪೌಂಡು ಬೂಸ್ಟಿಗೆ ಮುಟ್ಟುವವನು ಗಟ್ಟಿ ಉಕ್ಕಿನ ಹೆಡ್ ಸ್ಟಡ್ಡುಗಳನ್ನು ಹಾಕಿಸಿಕೊಂಡರೆ ರಾತ್ರಿ ನಿದ್ದೆ ಬರುತ್ತದೆ. ಗ್ಯಾಸ್ಕೆಟ್ಟು ಸುಸ್ಥಿತಿಯಲ್ಲಿದ್ದರೆ ಹೆಡ್ಡನ್ನು ಎತ್ತಬೇಕಾದುದೂ ಇಲ್ಲ. ಒಂದು ಬೋಲ್ಟನ್ನು ತೆಗೆದು, ಆ ಜಾಗಕ್ಕೆ ಸ್ಟಡ್ಡನ್ನು ಹಾಕಿ, ನಿಯತ ಬಿಗಿಗೆ ತಂದು, ಬಳಿಕ ಮುಂದಿನದಕ್ಕೆ ಹೋಗುವ ಕ್ರಮದಿಂದ ಒಂದು ದಿನದಲ್ಲಿ ಕಾರ್ಯ ಮುಗಿಯುತ್ತದೆ. ಕೆಲವು ಬೋಲ್ಟುಗಳು ರಾಕರಿನ ಪೀಠದ ಮೂಲಕವೇ ಹಾದುಹೋಗುವುದರಿಂದ, ಕಡೆಯಲ್ಲಿ ಟ್ಯಾಪೆಟ್ಟುಗಳನ್ನು ಮರಳಿ ಹೊಂದಿಸುವುದನ್ನು ಮರೆಯಲಾಗದು. ಬಂಡಿಯನ್ನು ಕೆಲವು ಸಲ ಚೆನ್ನಾಗಿ ಕಾಯಿಸಿ ತಣಿಸಿದ ಮೇಲೆ ಮತ್ತೊಮ್ಮೆ ಬಿಗಿಯನ್ನು ನೋಡಬೇಕು.

ಈಗ ಪಂಪಿನ ಬಳಿಗೆ ಬರೋಣ. ಇದು ಅತ್ಯಂತ ಸ್ವಾರಸ್ಯವಾದ ಭಾಗವಾದುದರಿಂದ ಸ್ವಲ್ಪ ನಿಧಾನಿಸುತ್ತೇನೆ. ಪಂಪಿನ ಮೇಲ್ಭಾಗದಲ್ಲಿ ಒಂದು ರಬ್ಬರಿನ ಪೊರೆಯಿದೆ. ಬೂಸ್ಟ್ ಒತ್ತಡವು ಬಂದು ಅದನ್ನು ತಳ್ಳುವವರೆಗೆ ಪಂಪು ಪೂರ್ಣ ಇಂಧನವನ್ನು ಕೊಡದಂತೆ ಅದು ತಡೆದಿರುತ್ತದೆ. ಗಾಳಿ ಬರುವ ಮುನ್ನ ಇಂಧನ ಬಂದರೆ ಹೊಗೆಯಾಗುವುದೆಂಬ ವಿವೇಕವನ್ನು ನಿರ್ಮಾಪಕರು ಹೀಗೆ ಕಬ್ಬಿಣದಲ್ಲಿ ಬರೆದಿಟ್ಟಿದ್ದಾರೆ. ಆ ಪೊರೆಯ ಸ್ಪ್ರಿಂಗಿನ ಬಿಗಿಯನ್ನು ಹಲ್ಲಿನ ಚಕ್ರವೊಂದರಿಂದ ಹೆಚ್ಚು ಕಡಿಮೆ ಮಾಡಬಹುದು. ಪೊರೆಯ ಪೆಟ್ಟಿಗೆಯನ್ನೇ ಮುಂದಕ್ಕೋ ಹಿಂದಕ್ಕೋ ಸರಿಸಬಹುದು. ಅದರ ಕೆಳಗೆ ಒಂದು ಉಕ್ಕಿನ ತಟ್ಟೆಯಿದೆ. ಅದರ ಅಂಚಿನ ಓರೆಯು, ಯಾವ ವೇಗದಲ್ಲಿ ಎಷ್ಟು ಇಂಧನವೆಂಬುದನ್ನು ನಿರ್ಣಯಿಸುತ್ತದೆ. ತಟ್ಟೆಯನ್ನು ಮುಂದಕ್ಕೆ ಸರಿಸಿದರೆ, ಅಥವಾ ಬೇರೊಂದು ಓರೆಯ ತಟ್ಟೆಯನ್ನು ಹಾಕಿದರೆ, ಇಂಧನವು ಹೆಚ್ಚುತ್ತದೆ. ಬೆಲೆ ಕೊಡಲಾರದವರು ಇದ್ದ ತಟ್ಟೆಯನ್ನೇ ಅರದಿಂದ ತೇಯ್ದುಕೊಳ್ಳುವುದೂ ಉಂಟು. ಹಾಗೆ ತೇಯುವವರು ಮೂಲ ತಟ್ಟೆಯ ರೂಪವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ. ತೇಯ್ದ ಉಕ್ಕು ಮರಳಿ ಬೆಳೆಯುವುದಿಲ್ಲ. ಕಾರ್ಖಾನೆಯ ಗವರ್ನರು 2500 ಸುತ್ತುಗಳ ಸುಮಾರಿನಿಂದಲೇ ಇಂಧನವನ್ನು ಹಿಂತೆಗೆದುಕೊಳ್ಳಲು ಆರಂಭಿಸುವುದರಿಂದ, 3000 ಸುತ್ತುಗಳ ಗವರ್ನರ್ ಸ್ಪ್ರಿಂಗುಗಳನ್ನು ಹಾಕಿದರೆ ಬಂಡಿಯ ಸ್ವಭಾವವೇ ಬದಲಾಗುತ್ತದೆ. ಇದಕ್ಕೂ ಮೀರಿದ ವೇಗದ ಸ್ಪ್ರಿಂಗುಗಳು ದೊರೆಯುತ್ತವಾದರೂ, ಹೊರೆ ಎಳೆಯುವ ಬಂಡಿಗೆ ಅವು ಅನಗತ್ಯವೆಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಈ ಮೂರು ತಿದ್ದುಪಡಿಗಳಿಂದಲೇ ಮುನ್ನೂರರ ಆಸುಪಾಸಿಗೆ ಬಂದು ನಿಲ್ಲುವ ಬಂಡಿಯನ್ನು ನಾನೂರಕ್ಕೆ ಒಯ್ಯುವುದಕ್ಕೆ, ಆ 370 ಅಶ್ವಶಕ್ತಿಯ ದೋಣಿ ಎಂಜಿನ್ನಿನ ಇಂಜೆಕ್ಟರುಗಳೋ ಅವುಗಳಿಗೆ ಸಮನಾದ ನಾಝಲುಗಳೋ ಸಾಕು. ಫೀಡ್ ಪಂಪಿನ ಒತ್ತಡವನ್ನು ತೋರಿಸುವ ಮಾಪಕವೊಂದನ್ನು ಹಾಕಿರಿ. ಪೂರ್ಣ ಹೊರೆಯಲ್ಲಿಯೂ ಅದು 20 ಪೌಂಡಿಗಿಂತ ಕೆಳಗಿಳಿಯಬಾರದು. ಇಳಿಯುತ್ತಿದ್ದರೆ ಹಳೆಯ ಫೀಡ್ ಪಂಪನ್ನೋ ಸೋತ ಓವರ್‌ಫ್ಲೋ ವಾಲ್ವನ್ನೋ ಬದಲಿಸಬೇಕು.

ಟೈಮಿಂಗಿನ ಮಾತು ಬೇರೆ. ಕಾರ್ಖಾನೆಯು ಪಿಸ್ಟನ್ನು ಮೇಲ್ತುದಿಗೆ ಬರುವ ಸುಮಾರು 12ರಿಂದ 14 ಡಿಗ್ರಿ ಮುಂಚೆ ಇಂಧನವನ್ನು ಸಿಂಪಡಿಸುವಂತೆ ಹೊಂದಿಸಿರುತ್ತದೆ. ಅದನ್ನು 16 ಡಿಗ್ರಿಗೆ ತಂದರೆ ಇಂಧನವು ಪಿಸ್ಟನ್ನನ್ನು ತಳ್ಳುವುದಕ್ಕೆ ಹೆಚ್ಚಾಗಿ ಒದಗಿ, ಸೈಲೆನ್ಸರಿನ ಕಡೆಗೆ ಹೋಗುವ ಕಾವು ಕಡಿಮೆಯಾಗುತ್ತದೆ. ಆದರೆ ಸಿಲಿಂಡರಿನೊಳಗಿನ ಒತ್ತಡವೂ ಏರುವುದರಿಂದ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಭಾರ ಬೀಳುತ್ತದೆ. ಹೊರೆ ಎಳೆಯುವವನು ಅಲ್ಲಿಗೇ ನಿಲ್ಲುವುದು ಲೇಸು. ಪಂಪಿನ ಗೇರು ಶಾಫ್ಟಿನ ಓರೆತುದಿಯ ಮೇಲೆ ಬರಿಯ ಘರ್ಷಣೆಯಿಂದ ಕುಳಿತಿರುತ್ತದೆ. ಆದುದರಿಂದ ಎರಡೂ ಮೈಗಳಲ್ಲಿ ಎಣ್ಣೆಯ ಪಸೆಯೂ ಇಲ್ಲದಂತೆ ಒರೆಸಿಯೇ ನಟ್ಟನ್ನು ಬಿಗಿಯಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಚಳಿಗಾಲದ ರಾತ್ರಿ ನಾನು ಈ ಒರೆಸುವ ಕಾರ್ಯವನ್ನು ಅವಸರದಿಂದ ಮುಗಿಸಿದೆ; ಮರುದಿನ ಟ್ರೈಲರನ್ನು ಎಳೆಯುತ್ತಿರುವಾಗ ಗೇರು ಶಾಫ್ಟಿನ ಮೇಲೆ ಜಾರಿ, ಟೈಮಿಂಗು ಹಿಂದಕ್ಕೆ ಹೋಗಿ, ಬಿಳಿಯ ಹೊಗೆಯನ್ನು ಕಾರುತ್ತ ಬಂಡಿಯು ಹೆದ್ದಾರಿಯ ಅಂಚಿನಲ್ಲಿ ನಿಂತುಹೋಯಿತು.

ಇಷ್ಟೆಲ್ಲವನ್ನೂ ಮಾಡುವಾಗ ಕಾವಲಿರುವ ಕಣ್ಣು ಯಾವುದೆಂದರೆ, ನಿಷ್ಕಾಸದ ಉಷ್ಣಮಾಪಕ. ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಹೆಚ್ಚಿದಂತೆಲ್ಲ ಉಷ್ಣವೂ ಏರುತ್ತದೆ, ಪಿಸ್ಟನ್ನುಗಳು ಅಲ್ಯುಮಿನಿಯಮ್ಮಿನವು, ಶುದ್ಧ ಅಲ್ಯುಮಿನಿಯಮ್ಮು ಸುಮಾರು 660 ಡಿಗ್ರಿ ಸೆಲ್ಷಿಯಸ್ಸಿನಲ್ಲಿ ಕರಗುತ್ತದೆ. ಕೆಳಗಿನಿಂದ ಚಿಮ್ಮುವ ಎಣ್ಣೆಯೂ ಸುತ್ತಲಿನ ನೀರೂ ಪಿಸ್ಟನ್ನನ್ನು ಹೊಗೆಯ ಉಷ್ಣಕ್ಕಿಂತ ತಂಪಾಗಿ ಇಟ್ಟಿರುತ್ತವಾದರೂ, ಆ ರಕ್ಷಣೆಗೆ ಮಿತಿಯುಂಟು. ಟರ್ಬೊಗೆ ಮುಂಚೆ ಮ್ಯಾನಿಫೋಲ್ಡಿನಲ್ಲಿ ಕೂರಿಸಿದ ಮಾಪಕವು ಸುಮಾರು 1250 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 675 ಡಿಗ್ರಿ ಸೆಲ್ಷಿಯಸ್ಸನ್ನು ದಾಟಿ ನಿಲ್ಲುವಂತೆ ಏರನ್ನು ಹತ್ತಬಾರದು. ದಾಟಿದೊಡನೆ ಕಾಲನ್ನು ಸಡಿಲಿಸಿ ಗೇರನ್ನು ಇಳಿಸಬೇಕು. ಟರ್ಬೊದ ಆಚೆಗೆ ಕೂರಿಸಿದ ಮಾಪಕವು ಬಹಳ ಕಡಿಮೆಯನ್ನು ತೋರಿಸಿ ಸುಳ್ಳು ಧೈರ್ಯವನ್ನು ಕೊಡುತ್ತದೆ. ನಾಲ್ಕು ಅಂಗುಲದ ಸೈಲೆನ್ಸರ್ ಕೊಳವೆಯು ಹೊಗೆಗೆ ದಾರಿಯನ್ನು ಸುಗಮಗೊಳಿಸಿ ಉಷ್ಣವನ್ನು ಸ್ವಲ್ಪ ಇಳಿಸುತ್ತದೆಯಾದುದರಿಂದ ಅದಕ್ಕೆ ಹಣ ಕೊಡಬಹುದು; ಆಕಾಶಕ್ಕೆ ಮುಖಮಾಡಿದ ಕ್ರೋಮಿನ ಚಿಮಣಿಗಳಿಗೆ ಕೊಟ್ಟ ಹಣವು ಒಂದು ಅಶ್ವವನ್ನೂ ತರಲಾರದು.

ನಾನೂರು ಅಶ್ವಶಕ್ತಿಯು 2600 ಸುತ್ತುಗಳಲ್ಲಿ 808 ಪೌಂಡು-ಅಡಿಗಳ ಟಾರ್ಕಿಗೆ ಸಮ. ಕಾರ್ಖಾನೆಯ ಕ್ಲಚ್ಚನ್ನು ರೂಪಿಸಿದ್ದಾದರೋ 440ಕ್ಕೆ. ಹೊಸ ಶಕ್ತಿಯು ಬಂದ ಮೊದಲ ವಾರದಲ್ಲಿಯೇ ಅದು ಜಾರಿ ಸುಟ್ಟ ವಾಸನೆಯನ್ನು ಹೊರಡಿಸಿದರೆ ಆಶ್ಚರ್ಯಪಡಬೇಕಾದುದಿಲ್ಲ. ಹಣವನ್ನು ವಿಂಗಡಿಸುವಾಗ ಬಲವಾದ ಕ್ಲಚ್ಚಿನ ಬೆಲೆಯನ್ನು ಪಂಪಿನ ತಿದ್ದುಪಡಿಗಳ ಬೆಲೆಗಿಂತ ಮೊದಲು ಎತ್ತಿಡಬೇಕು. ಎನ್‌ವಿ-4500 ಎಂಬ ಕೈಗೇರಿನ ಪೆಟ್ಟಿಗೆಯು ಗಟ್ಟಿಯಾದುದೇ. ಅದರ ಐದನೆಯ ಗೇರಿನ ನಟ್ಟು ಸಡಿಲಗೊಂಡು ಆ ಗೇರನ್ನು ಕಳೆದುಕೊಳ್ಳುವುದೊಂದು ಪರಿಚಿತ ದೋಷ. ಕ್ಲಚ್ಚಿಗಾಗಿ ಪೆಟ್ಟಿಗೆಯನ್ನು ಇಳಿಸಿದಾಗಲೇ ಅದನ್ನೂ ಸರಿಪಡಿಸಿಕೊಳ್ಳುವುದು ಬುದ್ಧಿವಂತಿಕೆ. ಸ್ವಯಂಚಾಲಿತ ಪೆಟ್ಟಿಗೆಯನ್ನು ಈ ಟಾರ್ಕಿಗೆ ಸಜ್ಜುಗೊಳಿಸುವ ವೆಚ್ಚವು ಎಂಜಿನ್ನಿನ ಕೆಲಸದ ವೆಚ್ಚವನ್ನೇ ಮೀರಬಹುದಾದುದರಿಂದ, ಮಿತಹಣವುಳ್ಳವನು ಮೊದಲೇ ಕೈಗೇರಿನ ಬಂಡಿಯನ್ನು ಹುಡುಕಿಕೊಳ್ಳಲಿ.

ನಾನೂರು ಸಾಲದೆಂಬವರಿಗೂ ಅಗ್ಗದ ದಾರಿಯೊಂದುಂಟು. ದೊಡ್ಡ ಲಾರಿಗಳ ಹದಿನಾಲ್ಕು ಲೀಟರಿನ ಕಮಿನ್ಸ್ ಎಂಜಿನ್ನುಗಳ ಎಚ್‌ಟಿ-3ಬಿ ಎಂಬ ಭಾರಿ ಟರ್ಬೊಗಳು ಗುಜರಿಗಳಲ್ಲಿ ದೊರೆಯುತ್ತವೆ. ಅಂತಹದೊಂದನ್ನು ಎಚ್‌ಎಕ್ಸ್-35ರ ಮುಂದೆ ಜೋಡಿಸಿ, ದೊಡ್ಡದು ಒತ್ತಿದ ಗಾಳಿಯನ್ನು ಚಿಕ್ಕದು ಮತ್ತೆ ಒತ್ತುವಂತೆ ಮಾಡಿದರೆ, ಕೆಳವೇಗದ ಚುರುಕು ಕೆಡದಂತೆಯೇ ಗಾಳಿಯ ರಾಶಿ ಬಹಳವಾಗಿ ಹೆಚ್ಚುತ್ತದೆ. ಕೊಳವೆಗಳನ್ನು ತಾನೇ ಬೆಸೆಯಬಲ್ಲವನಿಗೆ ಇದು ಎಟಕುವ ಕೆಲಸ. ಬಾಗಿಸುವುದನ್ನೂ ಬೆಸೆಯುವುದನ್ನೂ ಹೊರಗೆ ಕೊಟ್ಟು ಮಾಡಿಸುವವನಿಗೆ ಅದು ಅಗ್ಗವಾಗಿ ಉಳಿಯುವುದಿಲ್ಲ.

ಅಪಾಯದ ಎರಡು ಸಂಗತಿಗಳನ್ನು ಹೇಳದೆ ಹೋದರೆ ಕರ್ತವ್ಯಲೋಪವಾದೀತು. ಇಂಜೆಕ್ಟರಿನಿಂದ ಹೊರಡುವ ಸಿಂಪರಣೆಯು ಚರ್ಮವನ್ನು ಭೇದಿಸಿ ಮಾಂಸದೊಳಕ್ಕೆ ಹೋಗುತ್ತದೆ. ಗಾಯವು ಸೂಜಿಯ ಮೊನೆಯಷ್ಟು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು. ಎರಡನೆಯದು, ಟರ್ಬೊದ ಸೀಲು ಸೋತರೆ ಎಂಜಿನ್ನು ತನ್ನ ಎಣ್ಣೆಯನ್ನೇ ಇಂಧನವಾಗಿ ಕುಡಿದು, ಕೀಲಿಯನ್ನು ತಿರುಗಿಸಿದರೂ ನಿಲ್ಲದೆ ಓಡತೊಡಗಬಹುದು. ಆಗ ಗಾಳಿಯ ಬಾಯಿಯನ್ನು ಮುಚ್ಚುವುದೊಂದೇ ಉಪಾಯ. ಅದಕ್ಕೆಂದು ತಕ್ಕ ಅಳತೆಯ ದಪ್ಪ ಹಲಗೆಯೊಂದನ್ನು ಮೊದಲ ಚಾಲನೆಯ ದಿನ ಪಕ್ಕದಲ್ಲಿಯೇ ಇಟ್ಟುಕೊಂಡಿರಬೇಕು, ಕೈಯನ್ನು ಮಾತ್ರ ಎಂದಿಗೂ ಒಡ್ಡಬಾರದು.

ಹೊಗೆಯ ವಿಷಯದಲ್ಲಿ ನನಗೆ ದೃಢವಾದ ಅಭಿಪ್ರಾಯವುಂಟು. ದಾರಿಹೋಕರ ಮುಖದ ಮೇಲೆ ಕಪ್ಪು ಮೋಡವನ್ನು ಕಾರುವುದನ್ನು ಪೌರುಷವೆಂದು ಭಾವಿಸುವ ತರುಣರು ಆ ನಾಡಿನಲ್ಲಿ ಇದ್ದಾರೆ. ಆ ಹೊಗೆಯು ಸುಡದೆ ಹೋದ ಇಂಧನ, ವ್ಯರ್ಥವಾದ ಹಣ ಹಾಗೂ ಅನ್ಯರ ಶ್ವಾಸಕೋಶಕ್ಕೆ ಬಗೆದ ದ್ರೋಹ. ಸರಿಯಾಗಿ ಹೊಂದಿಸಿದ ಬಂಡಿಯು ಟರ್ಬೊ ಎಚ್ಚರಗೊಳ್ಳುವ ಕ್ಷಣಕಾಲ ತೆಳುವಾದ ಛಾಯೆಯನ್ನು ಬಿಟ್ಟು, ತರುವಾಯ ಸ್ವಚ್ಛವಾಗಿ ಓಡಬೇಕು. ಹೊಗೆಯನ್ನು ತಗ್ಗಿಸುವ ಸಾಧನಗಳನ್ನು ಕಿತ್ತುಹಾಕುವುದು ಅಮೆರಿಕದ ಶುದ್ಧ ವಾಯು ಶಾಸನದಡಿ ನಿಷಿದ್ಧ. ಕ್ಯಾಲಿಫೋರ್ನಿಯಾದಲ್ಲಿ 1998ರ ಮಾದರಿಯಿಂದೀಚಿನ ಡೀಸೆಲ್ ಪಿಕಪ್ಪುಗಳಿಗೆ ಹೊಗೆಯ ಪರೀಕ್ಷೆಯೂ ಇದೆ. ನಮ್ಮ ಭಾರತದಲ್ಲಾದರೋ, ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನಿರ್ಮಾಪಕನು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆಯಾದುದರಿಂದ, ಇಲ್ಲಿಯ ರಸ್ತೆಯ ಲಾರಿಗೆ ಈ ಲೇಖನವನ್ನು ಅನ್ವಯಿಸಹೊರಡಬಾರದು.

ಮೊದಲ ಚಾಲನೆಯ ದಿನ, ಇಂಧನವನ್ನು ನಿಲ್ಲಿಸಿಯೇ ಸ್ಟಾರ್ಟರಿನಿಂದ ಎಂಜಿನ್ನನ್ನು ತಿರುಗಿಸಿ, ಎಣ್ಣೆಯ ಒತ್ತಡವು ಮಾಪಕದಲ್ಲಿ ಕಂಡ ಬಳಿಕವೇ ಇಂಧನವನ್ನು ಬಿಡಿರಿ. ಓಡಿಸಿ ಬಂದಾಗಲೆಲ್ಲ, ನಿಷ್ಕಾಸದ ಉಷ್ಣವು 200 ಡಿಗ್ರಿ ಸೆಲ್ಷಿಯಸ್ಸಿಗಿಂತ ಕೆಳಗಿಳಿಯುವವರೆಗೆ ನಿಧಾನವೇಗದಲ್ಲಿ ಎಂಜಿನ್ನನ್ನು ಬಿಟ್ಟಿದ್ದು, ಅನಂತರ ಆರಿಸಿರಿ. ಇನ್ನೂ ಬಂಡಿಯನ್ನೇ ಕೊಳ್ಳದ ಓದುಗರಲ್ಲಿ ನನ್ನ ಬಿನ್ನಹ ಒಂದೇ: ಕೂಡಿಟ್ಟ ಮೊದಲ ಹಣದಿಂದ ಉಷ್ಣಮಾಪಕವನ್ನೂ ಬೂಸ್ಟ್ ಮಾಪಕವನ್ನೂ ಕೊಂಡು, ಎರಡನ್ನೂ ಬಂಡಿಯಲ್ಲಿ ಕೂರಿಸಿ, ಒಂದು ತಿಂಗಳ ಕಾಲ ಅವುಗಳ ಮುಳ್ಳುಗಳನ್ನು ನೋಡುತ್ತ ಓಡಿಸಿರಿ, ಪಂಪಿನ ಮುಚ್ಚಳವನ್ನು ಅದರ ತರುವಾಯ ಬಿಚ್ಚಿರಿ.